ಮುನ್ನೂರ ಹದಿಮೂರನೆಯ ತಲೆ

ಮುನ್ನೂರ ಹದಿಮೂರು.

ಕ್ಲಿಕ್ಕಮ್ಮ ಕೈಯಲ್ಲಿದ್ದ ಎಣಿಕೆ ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಒಳಗೆ ಏನೂ ಸಡಿಲಾಗಿರಲಿಲ್ಲ.

ಬೆಳಗಿನ ಆಟ ಈಗಷ್ಟೇ ಬಿಟ್ಟಿತ್ತು. ಆ ಚಿತ್ರಮಂದಿರದಲ್ಲಿ ಇರುವುದೇ ಮುನ್ನೂರ ಹನ್ನೆರಡು ಸೀಟು. ಗೇಟಜ್ಜನ ಡಬ್ಬಿಯಲ್ಲಿ ಬಿದ್ದಿದ್ದ ಹರಿದ ಟಿಕೆಟ್ಟುಗಳೂ ಮುನ್ನೂರ ಹನ್ನೆರಡು. ಒಳಗೆ ಹೋಗುವಾಗ ಅವಳೇ ಬಾಗಿಲಲ್ಲಿ ನಿಂತು ಎಣಿಸಿದ ತಲೆಗಳೂ ಅಷ್ಟೇ. ಹೊರಗೆ ಬಂದದ್ದು ಮಾತ್ರ ಒಂದು ಹೆಚ್ಚು.

ಒಳಗೆ ಹೋದವರು ಹೊರಗೆ ಬರದಿದ್ದರೆ ಅದಕ್ಕೊಂದು ಅರ್ಥವಿರುತ್ತದೆ. ನಿದ್ದೆ ಹೋಗಿರಬಹುದು, ಮುಂದಿನ ಆಟವನ್ನು ಪುಕ್ಕಟೆ ನೋಡಲು ಕುರ್ಚಿಯಡಿ ಅಡಗಿರಬಹುದು. ಒಳಗೆ ಹೋಗದೆ ಇದ್ದವರು ಹೊರಗೆ ಬರುವುದು ಹೇಗೆ? ಅವಳಿಗೆ ತಲೆಬುಡ ತಿಳಿಯಲಿಲ್ಲ.

"ನಿನಗೂ ವಯಸ್ಸಾಯ್ತು, ನಿನ್ನ ಮಿಷನ್ನಿಗೂ ವಯಸ್ಸಾಯ್ತು. ಕಂಕುಳ ಕೂಸು ಯಾವುದಾದ್ರೂ ಸೇರಿಸಿಬಿಟ್ಯೇನೋ," ಎಂದ ಗೇಟಜ್ಜ.

ಕೂಸು ಎಣಿಸುವ ಪೈಕಿ ಅವಳಲ್ಲ. ಇಪ್ಪತ್ತೆರಡು ವರ್ಷ ಅವಳು ಹಂಚಿಕೆದಾರರ ಪ್ರತಿನಿಧಿಯಾಗಿ ಚಿತ್ರಮಂದಿರಗಳ ಬಾಗಿಲಲ್ಲಿ ನಿಂತವಳು. ಎಣಿಸುವ ದಿನ ಒಂದೇ ಬಾಗಿಲು ತೆರೆಯಬೇಕು, ಅದರಲ್ಲೂ ಒಂದೇ ಕದ. ಇದು ಆ ಕಸುಬಿನ ಕಟ್ಟಳೆ. ಕಂಪ್ಯೂಟರ್ ಬಂದು ಆ ಕೆಲಸ ನುಂಗಿದ ಮೇಲೆ ಪತ್ತೇದಾರಿಕೆಗೆ ಇಳಿದಳು. ಎಣಿಕೆ ಯಂತ್ರ ಕೈಬಿಡಲಿಲ್ಲ, ಹೆಸರೂ ಅದರಿಂದಲೇ ಬಂತು.

ಮೂರು ದಿನದಿಂದ, ಐದು ಆಟದಿಂದ, ಇದೇ ಒಂದು ತಲೆ ಹೆಚ್ಚು ಬರುತ್ತಿತ್ತು. ಮೊದಲ ಸಲ ತನ್ನ ತಪ್ಪೆಂದುಕೊಂಡಳು. ಎರಡನೆಯ ಸಲ ಗೇಟಜ್ಜನ ತಪ್ಪೆಂದುಕೊಂಡಳು. ಈಗ ಯಾರ ತಪ್ಪೆಂದುಕೊಳ್ಳುವುದೋ ಅವಳಿಗೇ ಗೊತ್ತಿರಲಿಲ್ಲ.

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಸಂಜೆ ಐದಕ್ಕೆ ವರದಿ ಕೊಡಬೇಕು.

ಹಂಚಿಕೆದಾರ ಕೇಳಿದ್ದು ಒಂದೇ ಪ್ರಶ್ನೆ. ಮೂವತ್ತೆಂಟು ಚಿತ್ರಮಂದಿರಗಳಲ್ಲಿ ನೊಣ ಹೊಡೆಯುತ್ತಿರುವ ತನ್ನ ರೀಮೇಕು, ಇದೊಂದರಲ್ಲಿ ನಾಲ್ಕನೇ ವಾರವೂ ದಿನಕ್ಕೆರಡು ಆಟ ತುಂಬಿ ಓಡುವುದು ಯಾಕೆ? ಇಲ್ಲಿನವರು ಚಿತ್ರಕ್ಕೆ ಏನಾದರೂ ಕೈ ಹಾಕಿದ್ದರೆ ಹಂಚಿಕೆದಾರರ ಸಂಘದ ಮುಂದಿಡುತ್ತೇನೆ, ಆಮೇಲೆ ಈ ಮಂದಿರಕ್ಕೆ ಯಾರೂ ಒಂದು ಚಿತ್ರ ಕೊಡುವುದಿಲ್ಲ ಎಂದಿದ್ದ. ಇಲ್ಲಿನವರು ಅಂದರೆ ಮ್ಯಾನೇಜರೂ ಅವನೇ, ಚಿತ್ರ ತೋರಿಸುವ ಯಂತ್ರ ನಡೆಸುವವನೂ ಅವನೇ ಆದ ಒಬ್ಬ ಮನುಷ್ಯ. ಅವನು ಕ್ಲಿಕ್ಕಮ್ಮನ ಒಡಹುಟ್ಟಿದ ತಮ್ಮ.

ಇದು ಹಂಚಿಕೆದಾರನಿಗೂ ಗೊತ್ತಿತ್ತು. ನಿಮ್ಮ ಕೈಯಿಂದ ಒಂದು ಸುಳ್ಳು ವರದಿ ಬಂದಿಲ್ಲ ಅಂತ ಇಡೀ ಸಂಘವೇ ಹೇಳುತ್ತೆ, ಅದಕ್ಕೇ ನಿಮಗೇ ಕೊಟ್ಟೆ ಎಂದಿದ್ದ. ಅವಳು ಅದನ್ನು ಮರ್ಯಾದೆ ಎಂದು ತಿಳಿದು ಹಿಗ್ಗಿದ್ದಳು. ಈಗ ಆ ಮರ್ಯಾದೆಯೇ ಬಿಸಿತುಪ್ಪವಾಗಿ ಗಂಟಲಲ್ಲಿ ಕೂತಿತ್ತು.

ರೀಮೇಕುಗಳ ಹಣೆಬರಹ ಅವಳಿಗೆ ಹೊಸದಲ್ಲ. ನಗಿಸುವ ಚಿತ್ರವನ್ನು ಮತ್ತೆ ಮಾಡಿದರೆ ಓಡುತ್ತದೆ, ಜನ ಅದೇ ಜೋಕಿಗೆ ಎರಡನೇ ಸಲವೂ ನಗುತ್ತಾರೆ. ಅಳಿಸುವ ಚಿತ್ರವೂ ಓಡುತ್ತದೆ, ಕಣ್ಣೀರಿಗೆ ಹಳತು ಹೊಸತೆಂಬುದಿಲ್ಲ. ಆದರೆ ಕೊಲೆಗಾರ ಯಾರೆಂದು ಹುಡುಕುವ ಚಿತ್ರದ ರೀಮೇಕು ನೆಲ ಕಚ್ಚುವುದೇ. ಶುಕ್ರವಾರ ಕುತೂಹಲಕ್ಕೆ ಬಂದವರು ಶನಿವಾರ ಹಳೆಯದೇ ವಾಸಿ ಎಂದು ಸಾರಿಬಿಡುತ್ತಾರೆ. ಭಾನುವಾರ ಬರುವವರು ತಣ್ಣನೆ ಗಾಳಿಗಾಗಿ ಬಂದವರು. ಗೊತ್ತಿರುವ ಕಳ್ಳನನ್ನು ಹಿಡಿಯಲು ಟಿಕೆಟ್ ತೆಗೆಯುವವರು ಯಾರು?

ಈ ಚಿತ್ರದ ಕೊಲೆಗಾರ ಡಾಕ್ಟರು ಎಂಬುದು ಇಪ್ಪತ್ತಾರು ವರ್ಷದಿಂದ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಸಾಲದ್ದಕ್ಕೆ ಹೊಸಬರು ಒಂದು ಬಾಗಿಲು, ಒಂದು ಮೆಟ್ಟಿಲು ಬದಲಿಸದೆ ಹಳೆಯದನ್ನು ಹಾಗೇ ಇಳಿಸಿದ್ದರು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಚಿತ್ರೀಕರಣದ ಹೊತ್ತಿಗೇ ಪತ್ರಿಕೆಗಳು ಗೇಲಿ ಮಾಡಿದವು. ಗೇಲಿ ಮಾಡುತ್ತಲೇ ಮರೆತುಹೋಗಿದ್ದ ಮತ್ತೊಂದು ಕಥೆಯನ್ನೂ ಕೆದಕಿದವು.

ಹಳೆಯ ಚಿತ್ರದ ನಾಯಕಿ ಕ್ಲೈಮ್ಯಾಕ್ಸಿನ ಚಿತ್ರೀಕರಣಕ್ಕೆ ಮುಂಚೆಯೇ ಕಾಣೆಯಾಗಿದ್ದಳು. ಹಿಂದಿನ ಸಂಜೆ ಅವಳು ಹತ್ತಿದ್ದು ಪ್ರೊಡಕ್ಷನ್ ಮ್ಯಾನೇಜರನ ಕಾರು; ಆ ಮ್ಯಾನೇಜರನೇ ಇವತ್ತಿನ ಹಂಚಿಕೆದಾರ. ಅವಳು ಮರುದಿನ ಬಂದಳು, ಕ್ಲೈಮ್ಯಾಕ್ಸ್ ಮುಗಿಸಿಯೇ ಹೋದಳು, ಆಮೇಲಿನದು ನನಗೆ ಗೊತ್ತಿಲ್ಲ ಎಂದು ಅವನು ಅಂದಿನಿಂದ ಇಂದಿನವರೆಗೆ ಹೇಳುತ್ತ ಬಂದಿದ್ದಾನೆ. ಆದರೆ ಕ್ಲೈಮ್ಯಾಕ್ಸಿನಲ್ಲಿ ಕಾಣುವುದು ಬರೀ ಬೆನ್ನು, ಮುಖವಿಲ್ಲ. ಅದು ಬದಲಿ ಹುಡುಗಿಯ ಬೆನ್ನೆಂದು ಜನ ಆಡಿಕೊಂಡರು. ಈಗ ಪತ್ರಿಕೆಗಳ ದೆಸೆಯಿಂದ ಪೊಲೀಸರು ಕಡತದ ಧೂಳು ಕೊಡವಿದ್ದರು.

ಕ್ಲಿಕ್ಕಮ್ಮ ಹೊರಗೆ ಬಂದ ಜನರ ಬೆನ್ನು ಹತ್ತಿದಳು. ಕೊನೆಗೆ ಏನಾಗುತ್ತದೆ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ನಕ್ಕರು, ತಲೆ ಅಲ್ಲಾಡಿಸಿದರು, ಹೇಳಬಾರದು ಕಣ್ರೀ ಎಂದರು. ಡಾಕ್ಟರೇ ಕೊಲೆಗಾರ ತಾನೇ ಎಂದು ಕೆಣಕಿದಾಗ ಕೋಲೂರಿಕೊಂಡಿದ್ದ ಮುದುಕನೊಬ್ಬ ಮಾತ್ರ ನಿಂತ.

"ಡಾಕ್ಟರ್ ಕಥೆ ಬಿಡಿ. ಆ ಹುಡುಗಿ ನಗ್ತಾಳೆ ನೋಡಿ, ಅದಕ್ಕೇ ಐದನೇ ಸಲ ಬಂದೆ."

ಯಾವ ಹುಡುಗಿ ಎಂದು ಕೇಳುವಷ್ಟರಲ್ಲಿ ಮೊಮ್ಮಗಳು ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಮೂರು ದಿನದಿಂದ ಬಾಗಿಲು ಕಾಯುತ್ತಿದ್ದವಳು ಒಂದು ಸಲವೂ ಒಳಗೆ ಕೂತು ಚಿತ್ರ ನೋಡಿರಲಿಲ್ಲ. ತಲೆ ಎಣಿಸುವವರು ಮಾಡುವ ತಪ್ಪೇ ಇದು. ಇಪ್ಪತ್ತೆರಡು ವರ್ಷ ಚಿತ್ರಮಂದಿರದಲ್ಲಿ ಕಳೆದರೂ ಅವಳು ಪೂರ್ತಿ ನೋಡಿದ ಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ತನ್ನ ದಡ್ಡತನಕ್ಕೆ ತಾನೇ ಬೈದುಕೊಂಡು, ಎಣಿಕೆ ಯಂತ್ರವನ್ನು ಗೇಟಜ್ಜನ ಕೈಗಿಟ್ಟು, ಅವನ ಸ್ಟೂಲನ್ನೇ ಎತ್ತಿಕೊಂಡು ಒಂದೂವರೆಯ ಆಟಕ್ಕೆ ಒಳಗೆ ಹೋದಳು.

ಎರಡು ಗಂಟೆಗೂ ಹೆಚ್ಚು ಹೊತ್ತು ಆಕಳಿಸುವುದರಲ್ಲೇ ಹೋಯಿತು. ಹೊಸ ನಾಯಕಿ ಚೆಂದವಿದ್ದಳು, ಅಷ್ಟೇ. ಪಕ್ಕದ ಸಾಲಿನವರು ಮೊಬೈಲು ನೋಡುತ್ತಿದ್ದರು. ಇದಕ್ಕೆ ಯಾಕೆ ಇಷ್ಟು ಜನ ಎಂದು ಅವಳಿಗೆ ಇನ್ನಷ್ಟು ಗೊಂದಲವಾಯಿತು.

ನಾಯಕಿ ಕೊನೆಗೆ ಮಹಡಿ ಹತ್ತಿ ಹಸಿರು ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ಮೊಬೈಲುಗಳೆಲ್ಲ ಒಟ್ಟಿಗೆ ಆರಿದವು. ಪರದೆ ಎರಡು ಉಸಿರಿನಷ್ಟು ಹೊತ್ತು ಕಪ್ಪಾಯಿತು.

ಮತ್ತೆ ಬೆಳಕಾದಾಗ ಅದೇ ಹಸಿರು ಬಾಗಿಲು, ಅದೇ ಚಿಲಕ. ಕೈ ಮಾತ್ರ ಬೇರೆ. ಚಿತ್ರದ ಅಗಲ ಎರಡೂ ಬದಿಗೆ ಒಂದೊಂದು ಗೇಣು ಕುಗ್ಗಿತ್ತು, ಬಣ್ಣ ಮಾಸಿತ್ತು. ಬಾಗಿಲು ತೆರೆದು ಒಳಗೆ ಬಂದವಳು ಹಳೆಯ ನಾಯಕಿ. ಬೆನ್ನಲ್ಲ, ಮುಖವೇ. ಡಾಕ್ಟರ ಖಾಲಿ ಕುರ್ಚಿಯ ಮುಂದೆ ನಿಂತು ಅವಳು ಮೆಲ್ಲಗೆ ನಕ್ಕಳು, ಮೇಜಿನ ಮೇಲಿದ್ದ ಔಷಧಿ ಬಾಟಲಿಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕೊಲೆಗಾರ್ತಿ ಅವಳೇ.

ಮುನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಕ್ಲಿಕ್ಕಮ್ಮನಿಗೆ ಅದರೊಳಗೆ ಇನ್ನೊಂದು ಸದ್ದೂ ಕೇಳಿಸಿತು: ಹಿಂದಿನ ಗೋಡೆಯಾಚೆ ಟಕಟಕ ಓಡುವ ಹಳೇ ರೀಲಿನ ಯಂತ್ರ. ಹೊರಳಿ ನೋಡಿದಳು. ಎಡಗಡೆಯ ಕಿಂಡಿ ಕತ್ತಲಾಗಿತ್ತು, ಬೆಳಕು ಬರುತ್ತಿದ್ದದ್ದು ಬಲಗಡೆಯದರಿಂದ. ಅಪ್ಪ ನಡೆಸುತ್ತಿದ್ದ ಯಂತ್ರದ ಕಿಂಡಿ ಅದು.

ಚಿತ್ರ ಮುಗಿಯುವುದಕ್ಕೆ ಮುಂಚೆಯೇ ಅವಳು ಯಂತ್ರದ ಕೋಣೆಯ ಕಬ್ಬಿಣದ ಮೆಟ್ಟಿಲು ಹತ್ತಿದಳು.

ತಮ್ಮ ರೀಲು ಸುತ್ತುತ್ತಿದ್ದ. ಅಕ್ಕನನ್ನು ಕಂಡು ಗಾಬರಿಯಾಗಲಿಲ್ಲ, ಕೂತುಕೋ ಎಂದು ಕಣ್ಣಲ್ಲೇ ಕುರ್ಚಿ ತೋರಿಸಿದ. ಅವನ ಹೆಬ್ಬೆರಳಿಗೆ ರೀಲು ಅಂಟಿಸುವ ಟೇಪಿನ ಚೂರು ಹತ್ತಿಕೊಂಡಿತ್ತು.

"ಊಟ ಆಯ್ತಾ ಅಕ್ಕ?"

"ಆಯ್ತು. ಎಷ್ಟು ದಿನದಿಂದ ನಡೀತಿದೆ ಇದು?"

ಎರಡನೇ ವಾರದಿಂದ ಎಂದ. ಮುಚ್ಚಿಡಲು ಹೋಗಲಿಲ್ಲ. ಹೊಸ ಯಂತ್ರ ತಾನು ಏನು ತೋರಿಸಿದೆನೆಂದು ನಿಮಿಷ ನಿಮಿಷಕ್ಕೂ ಬರೆದಿಟ್ಟುಕೊಳ್ಳುತ್ತದೆ. ಕ್ಲಿಕ್ಕಮ್ಮ ಮೊದಲ ದಿನವೇ ಅದನ್ನು ನೋಡಿ ಎಲ್ಲ ಸರಿಯಿದೆ ಎಂದು ಟಿಕ್ಕು ಹಾಕಿದ್ದಳು. ಅವನು ಆ ಯಂತ್ರವನ್ನು ನಿಲ್ಲಿಸುತ್ತಲೇ ಇರಲಿಲ್ಲ. ಕೊನೆಯ ಹನ್ನೆರಡು ನಿಮಿಷ ಅದರ ಬೆಳಕಿಗೆ ಮುಚ್ಚಳ ಹಾಕಿ, ದನಿ ಅಡಗಿಸಿ, ಪಕ್ಕದ ಹಳೇ ಯಂತ್ರ ಬಿಡುತ್ತಿದ್ದ. ರೀಮೇಕು ಕತ್ತಲಲ್ಲಿ ತನ್ನ ಪಾಡಿಗೆ ತಾನು ಮುಗಿಯುತ್ತಿತ್ತು. ಬಾಗಿಲನ್ನೂ ಬಿಡದೆ ನಕಲು ಮಾಡಿದ್ದರಿಂದ ಬಾಗಿಲಿಗೆ ಬಾಗಿಲು ಸರಿಯಾಗಿ ಕೂತಿತ್ತು.

"ಮೊದಲನೇ ವಾರ ಹತ್ತು ಜನ, ಹನ್ನೊಂದು ಜನ," ಎಂದ ತಮ್ಮ. "ಅಪ್ಪ ಕೂತಿದ್ದ ಜಾಗ ಇದು ಅಕ್ಕ. ಬೀಗ ಹಾಕಿ ನಾನೆಲ್ಲಿಗೆ ಹೋಗ್ಲಿ?"

"ರೀಲು ಎಲ್ಲಿಂದ ಬಂತು?"

ಒಂದು ಬೆಳಗ್ಗೆ ಮೆಟ್ಟಿಲ ಕೆಳಗೆ ಇತ್ತು ಎಂದು ಅವನು ತುಕ್ಕು ಹಿಡಿದ ತಗಡಿನ ಡಬ್ಬಿ ತೋರಿಸಿದ. ಮೇಲೆ ಹಳೆಯ ಚಿತ್ರದ ಚೀಟಿ, 'ಕ್ಲೈಮ್ಯಾಕ್ಸ್, ಬೇಡವಾದದ್ದು' ಎಂಬ ಮಾಸಿದ ಬರಹ. ಯಾರು ತಂದಿಟ್ಟರೋ ಗೊತ್ತಿಲ್ಲ ಎಂದ. ಆಟಕ್ಕೊಂದು ತಲೆ ಹೆಚ್ಚು ಬರುವ ವಿಷಯ ಕೇಳಿದ್ದಕ್ಕೂ ಗೊತ್ತಿಲ್ಲವೆಂದ. ಹಾಗೆನ್ನುವಾಗ ಅವನು ಕನ್ನಡಕ ತೆಗೆದು ಒರೆಸಿದ. ಗಾಜು ಮೊದಲೇ ಶುಭ್ರವಾಗಿತ್ತು.

ಕ್ಲಿಕ್ಕಮ್ಮ ಡಬ್ಬಿ ಮೂಸಿದಳು. ತುಕ್ಕಿನ ವಾಸನೆ. ರೀಲು ಮೂಸಿದಳು. ಯಾವ ವಾಸನೆಯೂ ಇಲ್ಲ.

ಅಪ್ಪ ಚಿಕ್ಕಂದಿನಲ್ಲೇ ಇಬ್ಬರಿಗೂ ಹೇಳಿಕೊಟ್ಟಿದ್ದ: ಇಟ್ಟ ರೀಲು ಹುಳಿಯಾಗುತ್ತೆ ಮಕ್ಕಳೇ, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯಬೇಕು. ಅವಳು ರೀಲಿನ ತುದಿಯನ್ನು ದೀಪಕ್ಕೆ ಹಿಡಿದಳು. ಅಂಚಿನ ತೂತುಗಳ ಪಕ್ಕದಲ್ಲಿ ಸಣ್ಣ ಗುರುತೊಂದಿತ್ತು. ಫಿಲ್ಮು ತಯಾರಿಸುವವರು ವರ್ಷಕ್ಕೊಂದು ಗುರುತು ಹಾಕುತ್ತಾರೆ. ಯಾವ ವರ್ಷಕ್ಕೆ ಯಾವುದು ಎಂದು ಅಪ್ಪ ಬರೆದು ಅಂಟಿಸಿದ್ದ ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಆ ಪಟ್ಟಿಯಲ್ಲಿ ಹಳೆಯ ಚಿತ್ರದ ವರ್ಷವಿತ್ತು, ಅದಾದ ಮೇಲಿನ ಹತ್ತು ವರ್ಷವೂ ಇತ್ತು. ಈ ಗುರುತು ಮಾತ್ರ ಮೇಲಿನಿಂದ ಕೆಳಗಿನ ತನಕ ಎಲ್ಲೂ ಇರಲಿಲ್ಲ.

"ಡಬ್ಬಿ ಹಳೇದು. ಒಳಗಿರೋದು ಹಳೇದಲ್ಲ," ಎಂದಳು.

ತಮ್ಮ ಡಬ್ಬಿಯ ಮುಚ್ಚಳ ಹಾಕಿದ. ಹುಳಿಯ ಪಾಠ ಅವನಿಗೂ ಆಗಿತ್ತಲ್ಲ ಎಂಬುದು ಅವಳಿಗೆ ಹೊಳೆಯಿತು, ಆದರೆ ಆ ಯೋಚನೆಯನ್ನು ಮುಂದುವರಿಸಲು ಮನಸ್ಸಾಗಲಿಲ್ಲ. ಫಿಲ್ಮು ಈಚಿನದಾದರೆ ಅದರಲ್ಲಿ ಇಪ್ಪತ್ತಾರು ವರ್ಷದ ಹಿಂದಿನ ಮುಖ ಬಂದದ್ದು ಹೇಗೆ? ಬಣ್ಣವನ್ನು ಮಾಸಿಸಬಹುದು, ಹಳೇ ಡಬ್ಬಿ ಹುಡುಕಿ ತರಬಹುದು. ಆ ನಗುವನ್ನು ಎಲ್ಲಿಂದ ತಂದರು?

ನಾಲ್ಕೂವರೆಗೆ ಹಂಚಿಕೆದಾರನ ಫೋನು ಬಂತು. ದನಿ ಬೆಣ್ಣೆಯಷ್ಟು ಮೃದುವಾಗಿತ್ತು. ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ ಎಂದ. ತಮ್ಮನ ಹೊಟ್ಟೆ ಮೇಲೆ ಹೊಡೆಯುವ ಆಸೆ ತನಗಿಲ್ಲ, ಸಂಘಕ್ಕೆ ತಾನೇ ಸಮಾಧಾನ ಹೇಳುತ್ತೇನೆ, ಮುಂದಿನ ಎರಡು ವರ್ಷ ತನ್ನ ಎಲ್ಲ ಚಿತ್ರವೂ ಅಲ್ಲಿಗೇ ಬರುತ್ತದೆ ಎಂದ.

"ನೀವು ಒಂದೇ ಸಾಲು ಬರೀರಿ ಸಾಕು. ಆ ರೀಲು ಆ ಕಾಲದ್ದೇ, ಅದರಲ್ಲಿರೋದು ಅವಳೇ ಅಂತ. ನೀವು ಬರೆದ್ರೆ ಪೊಲೀಸ್ರೂ ನಂಬ್ತಾರೆ."

"ಯೋಚಿಸ್ತೀನಿ," ಎಂದು ಫೋನಿಟ್ಟಳು.

ರೀಲಿನ ಸುದ್ದಿಯನ್ನು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಯಾರು ಎಂದು ಕೇಳುವ ಮುಂಚೆಯೇ ಇವನು ಹೆಗಲು ಮುಟ್ಟಿಕೊಂಡಿದ್ದ.

ಅವನಿಗೆ ಬೇಕಾದದ್ದು ಕಲೆಕ್ಷನ್ನಿನ ಗುಟ್ಟಲ್ಲ. ರೀಮೇಕು ಮುಳುಗಿದರೂ ಅವನಿಗೆ ಚಿಂತೆಯಿಲ್ಲ. ಕ್ಲೈಮ್ಯಾಕ್ಸಿನಲ್ಲಿ ನಾಯಕಿಯ ಮುಖವಿತ್ತು ಎಂದಾದರೆ ಕಾರು ಹತ್ತಿದ ಮರುದಿನವೂ ಅವಳು ಬದುಕಿದ್ದಳು ಎಂದಾಗುತ್ತದೆ, ಅವನು ಪಾರಾಗುತ್ತಾನೆ. ಅದಕ್ಕೆ ಒಂದು ಹಳೇ ರೀಲು ಬೇಕಿತ್ತು, ಅದನ್ನು ಹಳೆಯದೆಂದು ಹೇಳಲು ಸುಳ್ಳು ಬರೆಯದ ಒಂದು ಕೈ ಬೇಕಿತ್ತು. ಆ ಕೈಯನ್ನು ಅಡಕತ್ತರಿಯಲ್ಲಿ ಸಿಕ್ಕಿಸಲು ಒಬ್ಬ ತಮ್ಮನೂ ಇದ್ದ.

ಬರೆದರೆ ತಮ್ಮ ಉಳಿಯುತ್ತಾನೆ. ಬರೆಯದಿದ್ದರೆ ಅಪ್ಪನ ಯಂತ್ರಕ್ಕೆ ಬೀಗ. ಎಲ್ಲ ಗೊತ್ತಾದಂತೆಯೂ ಇತ್ತು, ಏನೂ ಗೊತ್ತಾಗದಂತೆಯೂ ಇತ್ತು. ಅವಳಿಗೆ ಸಿಟ್ಟಿಗಿಂತ ಹೆಚ್ಚು ಅಳು ಬಂತು.

ಕೆಳಗಿನಿಂದ ಗೇಟಜ್ಜ ಕೂಗಿದ. ಮೆಟ್ಟಿಲಿಳಿದು ಹೋದರೆ ಅವನು ಎಣಿಕೆ ಯಂತ್ರವನ್ನು ಹಾವು ಹಿಡಿದವರಂತೆ ದೂರ ಹಿಡಿದು ನಿಂತಿದ್ದ. ಅದರಲ್ಲಿ ಮುನ್ನೂರ ಹದಿಮೂರು ಎಂದಿತ್ತು.

"ಆ ಹೆಚ್ಚಿಂದು ಹೋಗಿಲ್ಲ ಕಣಮ್ಮ. ಅಲ್ಲೇ ಕೂತಿದೆ. ನೀನೇ ಬೇಕಂತೆ."

ಖಾಲಿ ಹೊರಾಂಗಣದ ಬೆಂಚಿನ ಮೇಲೆ, ಪೋಸ್ಟರಿನ ಕೆಳಗೆ, ತಲೆಗೆ ಸ್ಕಾರ್ಫು ಸುತ್ತಿ ಮೂಗಿನವರೆಗೆ ಮಾಸ್ಕು ಹಾಕಿದವಳೊಬ್ಬಳು ಕೂತಿದ್ದಳು. ಕ್ಲಿಕ್ಕಮ್ಮ ಹತ್ತಿರ ಬಂದಾಗ ಎರಡನ್ನೂ ತೆಗೆದಳು.

ಹತ್ತು ಅಡಿ ಎತ್ತರದಲ್ಲಿ ಈಗಷ್ಟೇ ನಕ್ಕಿದ್ದ ಮುಖವದು. ಇಲ್ಲಿ ಅದರಲ್ಲಿ ನಗುವಿರಲಿಲ್ಲ, ಕಣ್ಣು ಊದಿಕೊಂಡಿತ್ತು.

ಕ್ಲಿಕ್ಕಮ್ಮ ಪಕ್ಕದಲ್ಲಿ ಕೂತಳು. ಹುಡುಗಿ ಆತುರ ಆತುರವಾಗಿ ಹೇಳಿಕೊಂಡಳು. ಅಮ್ಮ ಹೋದಾಗ ಅವಳಿಗೆ ಎರಡು ವರ್ಷ. ನಾಯಕಿಗೆ ಮಗುವಿದೆ ಎಂಬುದು ಹೊರಗೆ ಯಾರಿಗೂ ಗೊತ್ತಿರಲಿಲ್ಲ, ಅಜ್ಜಿ ಸಾಕಿದಳು. ಎರಡು ತಿಂಗಳ ಹಿಂದೆ ಹಂಚಿಕೆದಾರ ಹುಡುಕಿಕೊಂಡು ಬಂದ. ಹೊಸ ಚಿತ್ರದ ಸೆಟ್ಟಿನಲ್ಲೇ, ಅದೇ ಹಸಿರು ಬಾಗಿಲಿನ ಮುಂದೆ ನಿಲ್ಲಿಸಿ ಎರಡು ದಿನ ಚಿತ್ರೀಕರಿಸಿದ.

"ಅಮ್ಮನ ಥರ ಒಂದ್ಸಲ ನಕ್ಕುಬಿಡು, ನಿಮ್ಮಮ್ಮ ಎಲ್ಲಿದ್ದಾಳೆ ಅಂತ ಹೇಳ್ತೀನಿ ಅಂದ್ರು ಮೇಡಂ. ನಕ್ಕೆ. ಇವತ್ತಿಗೂ ಹೇಳಿಲ್ಲ. ಕೇಳಿದ್ರೆ, ವರದಿ ಬಂದುಬಿಡ್ಲಿ, ಆಮೇಲೆ ಹೇಳ್ತೀನಿ ಅಂತಾರೆ."

"ದಿನಾ ಇಲ್ಲಿಗೆ ಯಾಕೆ ಬರ್ತೀಯಮ್ಮ?"

"ಅಮ್ಮನ ಮುಖ ಎದುರಿಗೆ ನೋಡಿದ್ದು ನಂಗೆ ನೆನಪಿಲ್ಲ. ಪರದೆ ಮೇಲೆ ನೋಡಿದ್ರೆ ಅಮ್ಮನೇ ಅನ್ಸುತ್ತೆ."

ಕ್ಲಿಕ್ಕಮ್ಮ ಹತ್ತಿರ ಸರಿದಳು. ಹುಡುಗಿಯ ಬೆನ್ನು ಸವರಿದಳು. ಆದರೂ ಕಸುಬಿನ ಬುದ್ಧಿ ಬಿಡಲಿಲ್ಲ. ಟಿಕೆಟ್ಟಿಲ್ಲದೆ ಒಳಗೆ ಹೇಗೆ ಬರುತ್ತಿದ್ದೆ ಎಂದು ಕೇಳಿದಳು.

ಪರದೆ ಪಕ್ಕದ ಹಿಂಬಾಗಿಲಿಂದ ಎಂದು ಹುಡುಗಿ ಚೀಲದಿಂದ ಒಂದು ಬೀಗದಕೈ ತೆಗೆದು ಬೆಂಚಿನ ಮೇಲಿಟ್ಟಳು.

ಅದಕ್ಕೆ ಹಿತ್ತಾಳೆಯ ಬಿಲ್ಲೆ ಕಟ್ಟಿತ್ತು. ಬಿಲ್ಲೆಯ ಮೇಲೆ ಅಪ್ಪ ಮೊಳೆಯಿಂದ ಚುಚ್ಚಿ ಚುಚ್ಚಿ ಬರೆದ ಓರೆ ಅಂಕಿ. ಆ ಬಾಗಿಲಿಗೆ ಇದ್ದದ್ದು ಒಂದೇ ಬೀಗದಕೈ. ಅಪ್ಪ ಸತ್ತ ದಿನ ಕ್ಲಿಕ್ಕಮ್ಮನೇ ಅದನ್ನು ಅವನ ಸೊಂಟದಿಂದ ಬಿಚ್ಚಿ ತಮ್ಮನ ಕೈಗೆ ಕೊಟ್ಟಿದ್ದಳು.

ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ತಮ್ಮ ಅರ್ಧ ಇಳಿದು ನಿಂತಿದ್ದ. ಅವನು ನೋಡಿದ್ದು ಅಕ್ಕನನ್ನಲ್ಲ, ಹುಡುಗಿಯನ್ನೂ ಅಲ್ಲ. ಬೆಂಚಿನ ಮೇಲಿದ್ದ ಬಿಲ್ಲೆಯನ್ನು.

ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

"ಇವಳು ಯಾರು ಅಂತ ನಿಂಗೆ ಗೊತ್ತಿತ್ತು," ಎಂದಳು ಕ್ಲಿಕ್ಕಮ್ಮ. "ಇವಳಮ್ಮ ಎಲ್ಲಿದ್ದಾಳೆ ಅಂತಲೂ ಗೊತ್ತಾ?"

ತಮ್ಮ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ವರದಿ ಬಂದುಬಿಡ್ಲಿ ಅಕ್ಕ," ಎಂದ. "ಆಮೇಲೆ ಹೇಳ್ತೀನಿ."